ಗ್ರಾಮಸಭೆ: ಬಳಕೆದಾರರ ಕೈಪಿಡಿ



ಗ್ರಾಮಸಭೆಯ ಸದಸ್ಯರಾಗಿದ್ದಕ್ಕೆ ಅಭಿನಂದನೆಗಳು. ನೀವು ಅರ್ಜಿ ಹಾಕಿಲ್ಲ, ಶುಲ್ಕ ಕಟ್ಟಿಲ್ಲ, ಯಾರ ಕೈಕಾಲೂ ಹಿಡಿದಿಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಬಂದ ದಿನವೇ ಸಂವಿಧಾನದ 243ನೇ ವಿಧಿ ನಿಮ್ಮನ್ನು ಸುಮ್ಮನೆ ಒಳಗೆ ಸೇರಿಸಿಕೊಂಡಿದೆ. ಬೇಡವೆಂದು ರಾಜೀನಾಮೆ ಬರೆದುಕೊಡಲು ಅವಕಾಶವಿಲ್ಲ. ವಿಧಾನಸೌಧಕ್ಕೆ ನಿಮ್ಮ ಬದಲು ಶಾಸಕರು ಹೋಗುತ್ತಾರೆ, ದೆಹಲಿಗೆ ಸಂಸದರು ಹೋಗುತ್ತಾರೆ, ಪಂಚಾಯಿತಿಯ ಮೀಟಿಂಗಿಗೆ ಕೂಡ ನೀವು ಗೆಲ್ಲಿಸಿದ ಮೆಂಬರು ಹೋಗುತ್ತಾರೆ. ಈ ದೇಶದಲ್ಲಿ ನೀವೇ ಹೋಗಿ ಕೂರಬೇಕಾದ ಸಭೆ ಇದೊಂದೇ. ನೀವು ಬರದಿದ್ದರೆ ನಿಮ್ಮ ಕುರ್ಚಿ ಖಾಲಿ ಇರುತ್ತದೆ, ಇಲ್ಲವೇ ಅದರ ಮೇಲೆ ಯಾರೋ ಕಾಲು ನೀಡಿ ಕೂತಿರುತ್ತಾರೆ.

ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಬಳಸಿದವರ ಸಂಖ್ಯೆಯೇ ದೊಡ್ಡದು. ಬಳಸದೆಯೇ ‘ಇದು ಕೆಟ್ಟಿದೆ’ ಎಂದು ದೂರು ಕೊಟ್ಟವರ ಸಂಖ್ಯೆ ಅದಕ್ಕಿಂತ ದೊಡ್ಡದು.

ಪೆಟ್ಟಿಗೆಯೊಳಗೆ ಏನೇನಿದೆ

ಒಂದು ಶಾಮಿಯಾನ. ಹತ್ತಿರದ ಅಂಗಡಿಯಿಂದ ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು. ಕೀರಲು ಧ್ವನಿಯ ಮೈಕು. ಪಂಚಾಯಿತಿ ಅಧ್ಯಕ್ಷರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ತಾಲ್ಲೂಕಿನಿಂದ ಕಳಿಸಿದ ಒಬ್ಬ ನೋಡಲ್ ಅಧಿಕಾರಿ. ಇವರು ಪಶುವೈದ್ಯರೋ ಹೈಸ್ಕೂಲಿನ ಹೆಡ್‌ಮಾಸ್ಟರೋ ಆಗಿರುವುದುಂಟು, ಗಾಬರಿ ಬೇಡ. ರಟ್ಟು ಸವೆದ ನಡಾವಳಿ ಪುಸ್ತಕ. ಮಂಡಕ್ಕಿ, ಚಹಾ.

ಎಲ್ಲವೂ ಇದೆಯೇ ಎಂದು ನೋಡಿಕೊಳ್ಳಿ. ಇದರ ಜೊತೆ ಬರಲೇಬೇಕಾದ, ಆದರೆ ಪ್ಯಾಕಿಂಗಿನಲ್ಲಿ ಪದೇ ಪದೇ ಬಿಟ್ಟುಹೋಗುವ ಒಂದು ಸಾಮಾನಿದೆ: ಜನ.

ಪೆಟ್ಟಿಗೆಯಲ್ಲಿ ‘ಅಧ್ಯಕ್ಷರ ಗಂಡ’ ಎಂಬ ಬಿಡಿಭಾಗ ಕಂಡರೆ ಅದು ನಮ್ಮ ಕಂಪನಿಯದಲ್ಲ. ಕರ್ನಾಟಕ 2010ರಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲಿಟ್ಟಾಗಿನಿಂದ ಈ ನಕಲಿ ಭಾಗ ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುತ್ತಿದೆ. ವೇದಿಕೆಯ ಮೇಲೆ ಜೋಡಿಸಬೇಡಿ. ತಾನಾಗಿಯೇ ಬಂದು ಜೋಡಿಸಿಕೊಂಡಿದ್ದರೆ, ಕೆಳಗಿಳಿದು ಎಲ್ಲರ ಜೊತೆ ಕುರ್ಚಿಯಲ್ಲಿ ಕೂರುವಂತೆ ಗೌರವದಿಂದಲೇ ಹೇಳಿ. ಆತನೂ ಸಭೆಯ ಸದಸ್ಯನೇ, ಅಲ್ಲಿಂದಲೇ ಮಾತಾಡಲಿ.

ತಯಾರಿಕೆಯ ವಿವರ

ಈ ಯಂತ್ರದ ನಕ್ಷೆ ಬಿಡಿಸುವಾಗಲೇ ಜಗಳವಾಗಿತ್ತು. ಗಾಂಧೀಜಿಗೆ ಹಳ್ಳಿಯೇ ದೇಶದ ಬುನಾದಿ. ಅಂಬೇಡ್ಕರರಿಗೆ ಆ ಮಾತು ಒಪ್ಪಿಗೆಯಿರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು ಹಳ್ಳಿಯನ್ನು ಅಜ್ಞಾನ, ಸಂಕುಚಿತ ಬುದ್ಧಿ, ಜಾತಿ-ಮತಗಳ ಗೂಡು ಎಂಬರ್ಥದಲ್ಲಿ ಬಣ್ಣಿಸಿದರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ಒಬ್ಬೊಬ್ಬ ವ್ಯಕ್ತಿಯನ್ನು ತನ್ನ ಘಟಕವಾಗಿ ತೆಗೆದುಕೊಂಡದ್ದು ಸಂತೋಷವೆಂದರು. ಹಲವು ಸದಸ್ಯರು ಸಿಟ್ಟಾದರು. ಆ ತಿಂಗಳು ಮುಗಿಯುವುದರೊಳಗೆ ಗ್ರಾಮ ಪಂಚಾಯಿತಿಗಳ ಬಗ್ಗೆ ಒಂದು ವಿಧಿ ಸೇರಿತು, ಅದೇ ಈಗಿನ 40ನೇ ವಿಧಿ. ಸೇರಿದ್ದು ನಿರ್ದೇಶಕ ತತ್ವಗಳ ಅಧ್ಯಾಯಕ್ಕೆ. ಅಲ್ಲಿ ಇಟ್ಟದ್ದನ್ನು ಯಾರೂ ಕೋರ್ಟಿಗೆ ಹೋಗಿ ಕೇಳುವಂತಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಇದನ್ನು ಕಪಾಟಿನಿಂದ ಕೆಳಗಿಳಿಸಿ ಧೂಳು ಕೊಡವಿದವರು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆ ಸರ್ಕಾರದ ಮಂತ್ರಿ, ಕೊಳವೆಬಾವಿ ಕೊರೆಸಿ ‘ನೀರ್‌ಸಾಬ್’ ಎಂದು ಹೆಸರಾದವರು. 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು, 1987ರಲ್ಲಿ ಚುನಾವಣೆಯಾಯಿತು, ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಹೋಯಿತು. ದೇಶ ಇದೇ ದಾರಿಗೆ ಬಂದದ್ದು 73ನೇ ತಿದ್ದುಪಡಿಯ ಮೂಲಕ, 1993ರ ಏಪ್ರಿಲ್ 24ರಂದು. ಈಗ ನಿಮ್ಮ ಕೈಯಲ್ಲಿರುವ ಮಾದರಿ ಅದೇ ವರ್ಷದ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯದು, ನಡುನಡುವೆ ರಿಪೇರಿಯಾಗಿದೆ.

ಗಾಂಧಿ ಗೆದ್ದರೋ ಅಂಬೇಡ್ಕರ್ ಗೆದ್ದರೋ ಎಂದು ಕೇಳುವವರು ಯಂತ್ರದ ತಳಭಾಗ ತಿರುಗಿಸಿ ನೋಡಲಿ. ಸಭೆ ಸೇರುವುದು ಊರಿನಲ್ಲಿ. ಆದರೆ ಒಳಗೆ ಬಿಡುವುದು ಮನೆತನ ನೋಡಿ ಅಲ್ಲ, ಕುಲ ನೋಡಿ ಅಲ್ಲ, ಹೊಲದ ಪಹಣಿ ನೋಡಿಯೂ ಅಲ್ಲ. ಮತದಾರರ ಪಟ್ಟಿಯ ಒಂದೊಂದು ಸಾಲು ನೋಡಿ. ಗೌಡರೂ ಒಂದು ಸಾಲು, ಗೌಡರ ಮನೆಯ ಕೊಟ್ಟಿಗೆ ಬಾಚುವವಳೂ ಒಂದು ಸಾಲು. ನನ್ನನ್ನು ಕೇಳಿದರೆ, ಜಗಳದಲ್ಲಿ ಗೆದ್ದವರು ಅಂಬೇಡ್ಕರರೇ. ಅವರು ಗೆದ್ದದ್ದು ಊರಿಗೆ ಇನ್ನೂ ತಿಳಿದಿಲ್ಲ, ಅಷ್ಟೆ.

ಸುರಕ್ಷತಾ ಸೂಚನೆಗಳು

‘ಮನೆಗೊಬ್ಬರು ಬಂದರೆ ಸಾಕು’ ಎಂದು ಡಂಗುರದವನು ಕೂಗಿದರೆ ನಂಬಬೇಡಿ. ಅದು ಜಾತ್ರೆಯ ವಂತಿಗೆ ಎತ್ತುವ ಲೆಕ್ಕ. ಈ ಸಭೆಯಲ್ಲಿ ಮನೆಗೆ ಸದಸ್ಯತ್ವವಿಲ್ಲ. ಯಜಮಾನ ಬಂದು ಕೂತರೆ ಹೆಂಡತಿ, ಸೊಸೆ, ಹದಿನೆಂಟು ತುಂಬಿದ ಮಗಳು ಬಂದ ಹಾಗಾಗುವುದಿಲ್ಲ.

ಕುರ್ಚಿ ಹಾಕುವಾಗ ಕಣ್ಣಿಡಿ. ಮುಂದಿನ ಸಾಲು ಒಂದು ಕೇರಿಗೆ, ಶಾಮಿಯಾನದ ಹೊರಗಿನ ಬಿಸಿಲು ಇನ್ನೊಂದು ಕೇರಿಗೆ ಎಂಬಂತೆ ತಾನೇ ತಾನಾಗಿ ವಿಂಗಡಣೆಯಾಗುತ್ತಿದ್ದರೆ ಯಂತ್ರ ಶುರುವಾಗುವ ಮೊದಲೇ ಶಾರ್ಟ್ ಆಗಿದೆ ಎಂದರ್ಥ. ಯಾರೂ ಯಾರನ್ನೂ ಹೊರಗೆ ನಿಲ್ಲಿ ಎಂದಿರುವುದಿಲ್ಲ. ಶಾಮಿಯಾನದ ಹತ್ತಿರ ಬಂದವರ ಕಾಲು ತಂತಾನೇ ನಿಲ್ಲುತ್ತದೆ, ಅಭ್ಯಾಸಬಲ. ನೀವು ಮಾಡಬೇಕಾದ್ದು ಇಷ್ಟೆ: ಬೇಗ ಹೋಗಿ ಮುಂದೆ ಕೂತು ಪಕ್ಕದ ಕುರ್ಚಿಯನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಿ. ಬಿಸಿಲಲ್ಲಿ ನಿಂತವರನ್ನು ಹೆಸರು ಹಿಡಿದು ಕರೆಯಿರಿ. ‘ಬನ್ನಿ’ ಎಂದು ಪೊಳ್ಳಾಗಿ ಕೂಗಿದರೆ ಯಾರೂ ಬರುವುದಿಲ್ಲ.

ಬಾಗಿಲಲ್ಲೇ ಸಹಿ ಕೇಳಿದರೆ ಪುಸ್ತಕ ತಿರುವಿ ನೋಡಿ. ಹಾಜರಿ ಪುಟವಾದರೆ ಹಾಕಿ. ನಡಾವಳಿಯ ಖಾಲಿ ಪುಟದ ಬುಡದಲ್ಲಿ ಹಾಕಿಸಿಕೊಳ್ಳುತ್ತಿದ್ದರೆ, ‘ಮೀಟಿಂಗ್ ಮುಗೀಲಿ ಸಾರ್, ಕೊನೇಲಿ ಹಾಕ್ತೀನಿ’ ಅನ್ನಿ. ‘ಅಯ್ಯೋ ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವಾ?’ ಎಂಬ ಮಾತು ಬರುತ್ತದೆ. ಬರಲಿ. ಚಹಾ ಬೇಡ ಎನ್ನಬೇಕಿಲ್ಲ.

ಚಾಲನೆ

ಕಾಯ್ದೆಯ ಪ್ರಕಾರ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ಸೇರಿ ಅಲ್ಲಿನ ಬೇಡಿಕೆಗಳು ಮೇಲಕ್ಕೆ ಬರಬೇಕು. ಕೋರಂ ಎಂದರೆ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅದು. ನಾಲ್ಕು ಸಾವಿರ ಓಟಿರುವ ಪಂಚಾಯಿತಿಯಲ್ಲೂ ನೂರು ಜನ ಸೇರಿದರೆ ಸಾಕು. ಒಂದು ನಾಮಕರಣಕ್ಕೆ ಬರುವಷ್ಟು ಜನ. ಆದರೂ ಕೋರಂ ಇಲ್ಲದೆ ಸಭೆ ಮುಂದೂಡಿದ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಕಾಣುತ್ತದೆ. ಮುಂದೂಡದ ಕಡೆ ಇನ್ನೊಂದು ಉಪಾಯವಿದೆ: ಜನ ಸಭೆಗೆ ಬರದಿದ್ದರೆ ಪುಸ್ತಕವೇ ಜನರ ಮನೆಗೆ ಹೋಗಿ, ಹೆಬ್ಬೆಟ್ಟು-ಸಹಿ ತುಂಬಿಸಿಕೊಂಡು, ಸಂಜೆಗೆ ಕಚೇರಿ ಸೇರುತ್ತದೆ.

ಕಾರ್ಯಸೂಚಿಯನ್ನು ವೇಗವಾಗಿ ಓದುತ್ತಾರೆ. ಹಿಂದಿನ ಸಭೆಯ ನಡಾವಳಿ, ಜಮಾ-ಖರ್ಚು, ಕ್ರಿಯಾ ಯೋಜನೆ, ಉದ್ಯೋಗ ಖಾತ್ರಿ ಕಾಮಗಾರಿ, ಫಲಾನುಭವಿಗಳ ಆಯ್ಕೆ. ಜಮಾ-ಖರ್ಚು ಬಂದಾಗ ಎಲ್ಲರಿಗೂ ಚಹಾ ಬರುವ ಹಾಗೆ ಸಮಯ ಹೊಂದಿಸಿರುತ್ತಾರೆ. ಲೋಟ ಕೈಯಲ್ಲಿದ್ದರೂ ಕಿವಿ ಅಲ್ಲಿರಲಿ. ‘ಚರಂಡಿ ಹೂಳೆತ್ತಿದ್ದು’ ಎಂದು ಓದಿದ ಕೂಡಲೇ ‘ಯಾವ ಚರಂಡಿ, ಎಲ್ಲಿಂದ ಎಲ್ಲಿಗೆ?’ ಎಂದು ಕೇಳಿ. ಇದೊಂದು ಪ್ರಶ್ನೆಯ ಬಲ ಬಹಳ. ಊರಿನ ಚರಂಡಿ ಎಲ್ಲಿದೆಯೆಂದು ಆ ಶಾಮಿಯಾನದೊಳಗೆ ಎಲ್ಲರಿಗೂ ಗೊತ್ತು. ಆಡಿಟರಿಗೆ ಮಾತ್ರ ಗೊತ್ತಿಲ್ಲ.

ಮುಖ್ಯ ಗುಂಡಿ

ಈ ಕೈಪಿಡಿಯಲ್ಲಿ ಒಂದೇ ಒಂದು ಪುಟ ಓದುತ್ತೇನೆ ಎನ್ನುವವರು ಇದನ್ನು ಓದಿ.

ಫಲಾನುಭವಿಗಳ ಪಟ್ಟಿ ಬಂದಿದೆ. ವಸತಿ ಯೋಜನೆಯ ಮನೆ ಯಾರಿಗೆಂದು ಆರಿಸುವುದು ಗ್ರಾಮಸಭೆಯೇ. ಹೆಸರುಗಳನ್ನು ಓದಿ ಮುಗಿಸಿದ್ದಾಯಿತು. ಹಿಂದೆ ಶಾಮಿಯಾನದ ಗಳಕ್ಕೆ ಒರಗಿ ಒಬ್ಬಳು ಅಜ್ಜಿ ನಿಂತಿದ್ದಾಳೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಆಧಾರ್ ಕಾರ್ಡು, ಮಡಿಕೆಯಲ್ಲಿ ಅಕ್ಷರ ಅಳಿಸಿಹೋದ ಜೆರಾಕ್ಸು, ಗಂಡನ ಮರಣ ಪತ್ರ. ಎರಡು ಹೆಜ್ಜೆ ಮುಂದೆ ಬರುತ್ತಾಳೆ.

‘ಸ್ವಾಮಿ, ನಂದೊಂದು ಮನೆ...’

‘ಆಮೇಲೆ ನೋಡೋಣ ಕಣಜ್ಜಿ, ಆಫೀಸಿಗೆ ಬಾ.’

ಮುಗಿಯಿತು. ಅಜ್ಜಿ ಆಫೀಸಿಗೆ ಹೋಗುತ್ತಾಳೆ, ಅಲ್ಲಿ ‘ಸಭೇಲಿ ಆಗ್ಬೇಕು’ ಎನ್ನುತ್ತಾರೆ. ಆಕೆ ಜಗಳ ಮಾಡುವಂತಿಲ್ಲ. ವಿಧವಾ ಪಿಂಚಣಿ ನಿಂತಿದೆ, ಅದಕ್ಕೂ ಇದೇ ಕಚೇರಿಯವರನ್ನು ಕೇಳಬೇಕು. ನಲ್ಲಿಗೆ ನೀರು ಬಿಡುವ ನೀರುಗಂಟಿಯೂ ಅಲ್ಲೇ ಬಾಗಿಲಲ್ಲಿ ನಿಂತಿರುತ್ತಾನೆ. ಬೇಕಿರುವವನ ಬಾಯನ್ನು ಅವನ ಬೇಕೇ ಕಟ್ಟಿಹಾಕುತ್ತದೆ.

ಈಗ ಎದ್ದು ನಿಲ್ಲಬೇಕಾದವರು ನೀವು, ಮನೆ ಬೇಡದವರು.

‘ಪಿಡಿಒ ಮೇಡಂ, ಅಜ್ಜಿ ಹೆಸರು ಹೋದ ಸಲದ ಪಟ್ಟೀಲಿತ್ತು. ಈ ಸಲ ಯಾಕಿಲ್ಲ? ಉತ್ತರ ಇಲ್ಲೇ ಕೊಡಿ, ಪುಸ್ತಕದಲ್ಲಿ ಬರ್ಕೊಳಿ.’

ಏನು ಬದಲಾಯಿತು ನೋಡಿ. ಅಜ್ಜಿ ಕೇಳಿದಾಗ ಅದು ಬೇಡಿಕೆ, ‘ಆಮೇಲೆ’ ಎಂದು ತಳ್ಳಬಹುದು. ನೀವು ಕೇಳಿದಾಗ ಅದು ಲೆಕ್ಕ ಕೇಳಿದಂತೆ. ನಿಮ್ಮ ಜೊತೆ ಚೌಕಾಸಿ ಮಾಡಲು ಅವರ ಕೈಯಲ್ಲಿ ಏನೂ ಇಲ್ಲ, ಏಕೆಂದರೆ ನೀವು ನಿಮಗಾಗಿ ಏನನ್ನೂ ಕೇಳಿಲ್ಲ. ಈ ಯಂತ್ರ ಶಬ್ದ ಮಾಡಿ ತಿರುಗತೊಡಗುವುದು ಆ ಕ್ಷಣದಲ್ಲಿ. ನಮ್ಮ ನಮ್ಮ ಬೇಡಿಕೆಗಳನ್ನು ನಾವು ನಾವೇ ಹೇಳಿಕೊಳ್ಳುವುದಾದರೆ ಕಚೇರಿಯ ಕಿಟಕಿ ಸಾಕಿತ್ತು, ಸಭೆ ಬೇಕಿರಲಿಲ್ಲ.

ಮುಂದಿನ ಸಾಲಿನಿಂದ ಒಂದು ದನಿ ಖಂಡಿತ ಏಳುತ್ತದೆ: ‘ಆ ಅಜ್ಜಿ ನಿಂಗೇನಾಗ್ಬೇಕು?’

ಕೈಪಿಡಿ ಸೂಚಿಸುವ ಉತ್ತರ: ‘ಏನೂ ಆಗ್ಬೇಕಿಲ್ಲ ಅಣ್ಣಾ. ಈ ಸಭೆಯ ಸದಸ್ಯೆ.’

ಅಡ್ಡ ಪರಿಣಾಮಗಳನ್ನು ಮುಚ್ಚಿಡುವುದು ಸರಿಯಲ್ಲ. ಮುಂದಿನ ತಿಂಗಳು ನಿಮ್ಮ ಖಾತೆ ಬದಲಾವಣೆಯ ಅರ್ಜಿ ಹೋದರೆ ಫೈಲು ಎಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಆಗ ನಿಮ್ಮ ಪರವಾಗಿ ಇನ್ನೊಬ್ಬರು ಏಳಬೇಕು. ಆದ್ದರಿಂದ ಈ ಗುಂಡಿಯನ್ನು ಒಬ್ಬರೇ ಒತ್ತಬೇಡಿ. ಐದಾರು ಜನ, ಅದರಲ್ಲೂ ಬೇರೆ ಬೇರೆ ಕೇರಿಯವರು, ಸರದಿಯ ಮೇಲೆ ಒತ್ತಬೇಕು. ಸ್ವಸಹಾಯ ಸಂಘದ ಹೆಂಗಸರು ಇದನ್ನು ಚೆನ್ನಾಗಿ ಬಲ್ಲರು. ಒಬ್ಬಳ ಸಾಲಕ್ಕೆ ಉಳಿದವರು ಜವಾಬು ಹೇಳಿ ಅಭ್ಯಾಸವಾದವರು ಒಬ್ಬಳ ಅರ್ಜಿಗೆ ದನಿ ಕೊಡಲು ಹಿಂಜರಿಯುವುದಿಲ್ಲ. ಅವರು ಗುಂಪಾಗಿ ಒಳಗೆ ಬಂದ ದಿನ ವೇದಿಕೆಯ ಮೇಲಿದ್ದವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಯಂತ್ರದ ಸಾಮರ್ಥ್ಯ

ಇದು ಚರಂಡಿ, ಬೀದಿದೀಪಕ್ಕಷ್ಟೇ ಸರಿ ಎಂದುಕೊಂಡವರಿಗೆ ಒಡಿಶಾದ ನಿಯಮಗಿರಿಯ ಕಥೆ ಹೇಳಬೇಕು. ಬೆಟ್ಟದ ಮೇಲೆ ಡೋಂಗ್ರಿಯಾ ಕೊಂಧರ ವಾಸ, ಬೆಟ್ಟದೊಳಗೆ ಬಾಕ್ಸೈಟು, ಕೆಳಗೆ ಲಾಂಜಿಗಢದಲ್ಲಿ ವೇದಾಂತ ಕಂಪನಿಯ ಕಾರ್ಖಾನೆ. ವರ್ಷಗಟ್ಟಲೆ ವ್ಯಾಜ್ಯ ನಡೆದು, 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಜನರ ದೇವರು, ಕಾಡಿನ ಹಕ್ಕಿಗೆ ಸಂಬಂಧಿಸಿದ ಪ್ರಶ್ನೆಯನ್ನು ಅಲ್ಲಿನ ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಜಿಲ್ಲಾ ನ್ಯಾಯಾಧೀಶರ ಸಮಕ್ಷಮ ಸಭೆ ನಡೆಸಲು ಸರ್ಕಾರ ಹನ್ನೆರಡು ಹಳ್ಳಿಗಳನ್ನು ಆರಿಸಿತು. ಕೆಲವು ಹಳ್ಳಿಗಳಲ್ಲಿ ಬೆರಳೆಣಿಕೆಯ ಮನೆಗಳು. ಆ ಮಳೆಗಾಲದಲ್ಲಿ ಒಂದಾದ ಮೇಲೊಂದರಂತೆ ಹನ್ನೆರಡಕ್ಕೆ ಹನ್ನೆರಡೂ ಸಭೆಗಳು ಗಣಿ ಬೇಡವೆಂದವು. ಮರುವರ್ಷದ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯವೂ ಅನುಮತಿ ಇಲ್ಲವೆಂದಿತು.

ಎಲ್ಲ ಊರಿನ ಸಭೆಗೂ ಅಷ್ಟು ವೋಲ್ಟೇಜು ಇಲ್ಲ. ನಿಯಮಗಿರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು. ಉಳಿದೆಡೆ ಸಭೆಗೆ ಎಷ್ಟು ಅಧಿಕಾರ ಎಂಬುದನ್ನು ರಾಜ್ಯದ ಶಾಸಕಾಂಗವೇ ಅಳೆದು ಕೊಡಲಿ ಎಂದು ಸಂವಿಧಾನ ಬಿಟ್ಟುಕೊಟ್ಟಿದೆ. ಅಳೆದು ಕೊಡುವವರ ಕೈ ಬಿಗಿ. ಆದರೂ 2005ರ ಉದ್ಯೋಗ ಖಾತ್ರಿ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೇ ವಹಿಸಿತು. ಕೂಲಿ ಪಟ್ಟಿಯನ್ನು ಕೂಲಿಯವರ ಮುಂದೆಯೇ ಗಟ್ಟಿಯಾಗಿ ಓದಬೇಕು ಎಂದಾಗ, ಸತ್ತವರೂ ಬೆಂಗಳೂರಿನಲ್ಲಿ ಕೆಲಸಕ್ಕಿರುವವರೂ ಕೆರೆ ಹೂಳು ಎತ್ತಿದ ಸಂಗತಿ ಊರಿಗೆ ತಿಳಿಯತೊಡಗಿತು.

ದೋಷಗಳು, ಪರಿಹಾರಗಳು

ಗದ್ದಲ ಹೆಚ್ಚಾಗಿದೆ. ದೋಷವಲ್ಲ. ಯಂತ್ರ ಚಾಲೂ ಇದೆ.

ಗದ್ದಲವೇ ಇಲ್ಲ. ಇದು ದೋಷ. ನಡಾವಳಿಯ ಪುಟ ಪುಟದಲ್ಲೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿದ್ದರೆ ಆ ಪುಸ್ತಕದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ ನೋಡಿ. ಊರೆಲ್ಲ ಒಂದೇ ಮಾತಿನವರು ಎಂದು ಹೆಮ್ಮೆಯಿಂದ ಹೇಳುವ ಊರುಗಳಿವೆ. ಆ ಒಂದು ಮಾತು ಯಾರ ಬಾಯಿಂದ ಹೊರಟಿತು, ಒಪ್ಪದವರು ಆ ಹೊತ್ತಿಗೆ ಎಲ್ಲಿ ನಿಂತಿದ್ದರು ಎಂದು ವಿಚಾರಿಸಿ. ಒಗ್ಗಟ್ಟು ಎಂಬ ಹೆಸರಿನಲ್ಲಿ ಬಹಿಷ್ಕಾರ ಹಾಕಿದ ಊರುಗಳನ್ನೂ ನಾವು ಕಂಡಿದ್ದೇವೆ. ಗ್ರಾಮಸಭೆಯನ್ನು ಹಳೆಯ ಊರ ನ್ಯಾಯದ ಕಟ್ಟೆ ಎಂದು ತಿಳಿದು ಬಳಸಬೇಡಿ. ಯಾರಿಗೂ ದಂಡ ಹಾಕುವ, ಯಾರನ್ನೂ ಹೊರಗಿಡುವ ಸ್ವಿಚ್ಚು ಇದರಲ್ಲಿ ಇಲ್ಲ. ಯಾರಾದರೂ ಹೊಸದಾಗಿ ಜೋಡಿಸಿದ್ದರೆ ಪೊಲೀಸರಿಗೆ ತಿಳಿಸಿ.

ಹೆಂಗಸರು ಮಾತಾಡುತ್ತಿಲ್ಲ. ಮೈಕು ಎತ್ತರದಲ್ಲಿದೆಯೇ, ಸಭೆ ಹಾಲು ಕರೆಯುವ ಹೊತ್ತಿಗೋ ಅಡುಗೆ ಹೊತ್ತಿಗೋ ಇಟ್ಟಿದ್ದಾರೆಯೇ ನೋಡಿ. ಮೊದಲು ಮಹಿಳಾ ಗ್ರಾಮಸಭೆ ಬೇರೆಯಾಗಿ ಸೇರಿಸಿ, ಅಲ್ಲಿ ಬರೆದ ಬೇಡಿಕೆಗಳನ್ನು ಇಲ್ಲಿ ಓದಿಸಿ.

ಅಧಿಕಾರಿಗಳು ಬಂದಿಲ್ಲ. ಗೈರುಹಾಜರಾದ ಇಲಾಖೆಗಳ ಹೆಸರನ್ನು ನಡಾವಳಿಯಲ್ಲಿ ಬರೆಸಿ ಸಭೆ ಮುಂದುವರಿಸಿ. ಅಧಿಕಾರಿ ಇಲ್ಲವೆಂದು ಸಿಟ್ಟಾಗಿ ಸಭೆ ಬಹಿಷ್ಕರಿಸಿ ಎದ್ದುಹೋಗುವ ಪದ್ಧತಿಯೊಂದಿದೆ. ಫೋಟೊ ಚೆನ್ನಾಗಿ ಬರುತ್ತದೆ. ಬಾರದ ಅಧಿಕಾರಿಗೆ ಅದರಿಂದ ಖುಷಿಯೇ ಹೊರತು ನಷ್ಟವಿಲ್ಲ.

ಇತರ ಮಾದರಿಗಳು

ಮಕ್ಕಳ ಗ್ರಾಮಸಭೆ ಎಂಬ ಚಿಕ್ಕ ಮಾದರಿಯೊಂದು ಕರ್ನಾಟಕದಲ್ಲಿದೆ. ವರ್ಷಕ್ಕೊಮ್ಮೆ ಶಾಲೆಯ ಅಂಗಳದಲ್ಲಿ ನಡೆಸುತ್ತಾರೆ. ದೊಡ್ಡವರ ಮಾದರಿಗಿಂತ ಇದು ಚೆನ್ನಾಗಿ ಓಡುತ್ತದೆ. ಮನೆ, ಸೈಟು, ಬಿಲ್ಲು ಯಾವುದೂ ಮಕ್ಕಳ ಹೆಸರಿನಲ್ಲಿ ಇಲ್ಲದಿರುವುದು ಅದಕ್ಕೆ ಕಾರಣವಿರಬೇಕು. ಹಳ್ಳದಾಚೆಯಿಂದ ಬರುವ ಹುಡುಗಿಗೆ ಮಳೆಗಾಲದಲ್ಲಿ ದಾಟಲು ಕಾಲುಸಂಕ ಬೇಕು ಎಂದು ಈಚೆಯ ಹುಡುಗ ಕೇಳುತ್ತಾನೆ. ಶೌಚಾಲಯಕ್ಕೆ ನೀರಿಲ್ಲ ಎಂದು ಒಬ್ಬಳು ಎದ್ದರೆ ಅವಳ ಹಿಂದೆ ನಾಲ್ವರು ಏಳುತ್ತಾರೆ.

ನಗರ ಮಾದರಿ ತಯಾರಿಕೆಯಲ್ಲೇ ನಿಂತಿದೆ. 74ನೇ ತಿದ್ದುಪಡಿ ಪಟ್ಟಣಿಗರಿಗೆ ವಾರ್ಡ್ ಸಮಿತಿ ಕೊಟ್ಟಿತು, ಆದರೆ ಅದರಲ್ಲಿ ಎಲ್ಲ ಮತದಾರರೂ ಸದಸ್ಯರಲ್ಲ. ಬೆಂಗಳೂರಿನ ಕಥೆ ಇನ್ನೂ ಸೊಗಸು. 2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಾನುಗಟ್ಟಲೆ ಆ ಮಹಾನಗರ ಚುನಾಯಿತ ಕಾರ್ಪೊರೇಟರೇ ಇಲ್ಲದೆ ನಡೆಯಿತು. ಊರು ಬಿಟ್ಟು ಬೆಂಗಳೂರು ಸೇರಿ ಬುದ್ಧಿವಂತರಾದವರು ಹಬ್ಬಕ್ಕೆ ಬಂದಾಗ ‘ನಿಮ್ ಪಂಚಾಯ್ತಿ ರಾಜಕೀಯ’ ಎಂದು ನಗುತ್ತಾರಲ್ಲ, ಅವರಿಗೆ ಇದನ್ನು ಓದಿ ಹೇಳಿ. ತಮ್ಮ ಬೀದಿಯ ಗುಂಡಿಗೆ ಲೆಕ್ಕ ಕೇಳಲು ಅವರಿಗೆ ಕೂರುವ ಕುರ್ಚಿಯೂ ಇಲ್ಲ.

ವಾರಂಟಿ ಮತ್ತು ಸರ್ವಿಸ್

ವಾರಂಟಿ ಇಲ್ಲ. ಬಿಟ್ಟರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಕಂಪನಿ ಹೊಣೆಯಲ್ಲ.

ಸಭೆಯ ದಿನಾಂಕ ಪಂಚಾಯಿತಿಯ ಸೂಚನಾ ಫಲಕದಲ್ಲಿರಬೇಕು. ಇಲ್ಲದಿದ್ದರೆ ಒಳಗೆ ಹೋಗಿ ಪಿಡಿಒ ಅವರನ್ನು ಕೇಳಿ. ಆರು ತಿಂಗಳು ದಾಟಿದ್ದರೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಿ. ಅದೂ ಆಗಲಿಲ್ಲವೆನ್ನಿ, ಸದಸ್ಯರಲ್ಲಿ ನೂರಕ್ಕೆ ಹತ್ತು ಮಂದಿ ವಿಷಯಗಳನ್ನು ನಮೂದಿಸಿ ಸಹಿ ಹಾಕಿ ಕೊಟ್ಟರೆ ವಿಶೇಷ ಗ್ರಾಮಸಭೆ ಕರೆಯಲೇಬೇಕೆಂದು ಕಾಯ್ದೆ ಹೇಳುತ್ತದೆ. ಆ ಸಹಿಗಳನ್ನು ಸೇರಿಸಲು ಹೊರಟಾಗ ನಿಮ್ಮ ಕೇರಿಯಿಂದ ಶುರುಮಾಡಬೇಡಿ, ಆಚೆ ಕೇರಿಯಿಂದ ಶುರುಮಾಡಿ.